ಸಿಎಂಎಸ್ ಜಾಲತಾಣಗಳಿಗೆ ಸ್ವಯಂಚಾಲಿತ ಪ್ರಿವ್ಯೂ ತಾಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ತೋಟದ ಕಾಫಿಪುಡಿಯನ್ನು ನೇರವಾಗಿ ಮಾರುವವರು, ಸಹಕಾರ ಸಂಘಗಳು, ಶಾಲೆಗಳು ಹಾಗೂ ಸ್ಥಳೀಯ ಸುದ್ದಿ ಸಂಸ್ಥೆಗಳು ವರ್ಡ್‌ಪ್ರೆಸ್ ಅಥವಾ ಡ್ರುಪಾಲ್‌ನಂತಹ ಸಿಎಂಎಸ್ (ತಾಣದ ಬರಹ, ಚಿತ್ರಗಳನ್ನು ನಿರ್ವಹಿಸುವ ತಂತ್ರಾಂಶ) ಮೇಲೆ ಕಟ್ಟಿಸಿಕೊಂಡಿರುವ ಜಾಲತಾಣಗಳನ್ನು ನೋಡಿಕೊಳ್ಳುವ ತಾಂತ್ರಿಕ ಕೆಲಸಗಾರರಿಗಾಗಿ ಈ ಪುಟವನ್ನು ಬರೆಯಲಾಗಿದೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಬಳಕೆ ತಿಳಿದಿದೆ, ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡಿ ಅಭ್ಯಾಸವಿದೆ ಎಂದು ಭಾವಿಸಿ ಉತ್ತರಗಳನ್ನು ನೀಡಲಾಗಿದೆ. ಉದಾಹರಣೆಗಳಲ್ಲಿ ಗಿಟ್‌ಹಬ್ ಆಕ್ಷನ್ಸ್ (ಗಿಟ್‌ಹಬ್‌ನಲ್ಲಿ ಕೆಲಸಗಳನ್ನು ತಾನಾಗಿ ಓಡಿಸುವ ಸೇವೆ) ಮತ್ತು ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಬರುತ್ತವೆ. ಗಿಟ್‌ಲ್ಯಾಬ್ ಬಳಸುವವರಿಗೆ ಹೆಸರುಗಳು ಬೇರೆಯಾದರೂ ಕ್ರಮ ಇದೇ.

ಪ್ರಿವ್ಯೂ ತಾಣ ಎಂದರೆ ನಿಖರವಾಗಿ ಏನು?

ಜಾಲತಾಣದ ಕೋಡ್‌ನಲ್ಲಿ ಯಾರಾದರೂ ಒಂದು ಬದಲಾವಣೆ ಮಾಡಿ ಪುಲ್ ರಿಕ್ವೆಸ್ಟ್ (ಅದನ್ನು ಮುಖ್ಯ ಕೋಡ್‌ಗೆ ಸೇರಿಸಿಕೊಳ್ಳುವಂತೆ ಕೋರಿಕೆ) ತೆರೆದೊಡನೆ, ಆ ಬದಲಾವಣೆಯನ್ನು ಒಳಗೊಂಡ ಇಡೀ ತಾಣದ ಒಂದು ತಾತ್ಕಾಲಿಕ ಪ್ರತಿ ತನ್ನದೇ ಡೇಟಾಬೇಸ್ ಮತ್ತು ತನ್ನದೇ ವಿಳಾಸದೊಂದಿಗೆ ತಾನಾಗಿಯೇ ಸಿದ್ಧವಾಗುವ ವ್ಯವಸ್ಥೆ ಇದು. ಹತ್ತು ಪುಲ್ ರಿಕ್ವೆಸ್ಟ್‌ಗಳಿದ್ದರೆ ಹತ್ತು ತಾಣಗಳಿರುತ್ತವೆ, ಒಂದರ ಗೊಡವೆ ಇನ್ನೊಂದಕ್ಕಿರುವುದಿಲ್ಲ. ಪುಲ್ ರಿಕ್ವೆಸ್ಟ್ ಮುಗಿದಾಗ ಆ ತಾಣವೂ ಅಳಿದುಹೋಗುತ್ತದೆ. ತಾನಾಗಿ ಹುಟ್ಟುವುದಷ್ಟೇ ಮುಖ್ಯ ತಾನಾಗಿ ಅಳಿಯುವುದು. ಎರಡನೆಯದು ಇಲ್ಲದ ವ್ಯವಸ್ಥೆಯನ್ನು ನಾವು ಪೂರ್ಣವೆಂದು ಪರಿಗಣಿಸುವುದಿಲ್ಲ.

ಸಿಎಂಎಸ್ ಒಳಗೇ ಪ್ರಿವ್ಯೂ ಗುಂಡಿ ಇದೆ, ಸ್ಟೇಜಿಂಗ್ ತಾಣವೂ (ಬಿಡುಗಡೆಗೆ ಮುನ್ನ ಎಲ್ಲರೂ ಪರೀಕ್ಷಿಸುವ ಪ್ರತಿ) ಇದೆ. ಅಷ್ಟು ಸಾಲದೇ?

ಸಿಎಂಎಸ್‌ನ ಪ್ರಿವ್ಯೂ ಗುಂಡಿ ತೋರಿಸುವುದು ಬರಹವನ್ನು ಮಾತ್ರ. ಸಂಪಾದಕರು ಬರೆದ ಕರಡು ಸದ್ಯದ ಥೀಮ್‌ನಲ್ಲಿ ಹೇಗೆ ಕಾಣುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಥೀಮ್ ಬದಲಾದರೆ, ಪ್ಲಗಿನ್ ಅಪ್‌ಡೇಟ್ ಆದರೆ, ಬುಕಿಂಗ್ ಫಾರ್ಮ್‌ಗೆ ಹೊಸ ಕಲಂ ಸೇರಿದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಲಾರದು.

ಸ್ಟೇಜಿಂಗ್ ತಾಣದ ತೊಂದರೆ ಬೇರೆ ಬಗೆಯದು. ಅದು ಒಂದೇ ಇರುವುದರಿಂದ ಎಲ್ಲರ ಕೆಲಸವೂ ಅಲ್ಲಿಯೇ ಬಂದು ಬೀಳುತ್ತದೆ. ದರಪಟ್ಟಿಯ ಬದಲಾವಣೆ ಸಿದ್ಧವಾಗಿದ್ದರೂ ಅದೇ ಸ್ಟೇಜಿಂಗ್‌ನಲ್ಲಿ ಅರ್ಧಕ್ಕೆ ನಿಂತಿರುವ ಹೊಸ ಮೆನುವಿನ ಕಾರಣದಿಂದ ಯಾವುದನ್ನೂ ಲೈವ್‌ಗೆ (ಜನ ನೋಡುವ ನಿಜವಾದ ತಾಣಕ್ಕೆ) ಕಳುಹಿಸಲಾಗದೆ ಕಾಯಬೇಕಾಗುತ್ತದೆ. ಯಾವ ದೋಷ ಯಾರ ಬದಲಾವಣೆಯಿಂದ ಬಂತು ಎಂಬುದನ್ನು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಪ್ರತಿ ಬದಲಾವಣೆಗೂ ಪ್ರತ್ಯೇಕ ತಾಣವಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಸ್ಟೇಜಿಂಗ್ ಅನ್ನು ಪೂರ್ತಿ ಕೈಬಿಡಬೇಕೆಂದೇನೂ ಇಲ್ಲ. ಲೈವ್‌ಗೆ ಹೋಗುವ ಮುನ್ನ ಮರ್ಜ್ ಆದ, ಅಂದರೆ ಮುಖ್ಯ ಕೋಡ್‌ಗೆ ಸೇರಿದ ಎಲ್ಲವನ್ನೂ ಒಟ್ಟಿಗೆ ನೋಡುವ ಕೊನೆಯ ಹಂತವಾಗಿ ಅದು ಉಳಿಯಬಹುದು.

ಒಬ್ಬರೇ ನೋಡಿಕೊಳ್ಳುವ ಸಣ್ಣ ತಾಣಕ್ಕೂ ಇದು ಬೇಕೇ?

ತಾಣದ ಒಡೆಯರು ಬೇರೆ, ಕೆಲಸ ಮಾಡುವವರು ಬೇರೆ ಆಗಿದ್ದರೆ ಬೇಕು. ಬದಲಾವಣೆಯನ್ನು ಒಪ್ಪಬೇಕಾದವರು ಸ್ಕ್ರೀನ್‌ಶಾಟ್ ನೋಡಿ ಒಪ್ಪುವುದಕ್ಕೂ ತಮ್ಮದೇ ಫೋನಿನಲ್ಲಿ ಪುಟಗಳನ್ನು ತೆರೆದು ಒಪ್ಪುವುದಕ್ಕೂ ಬಹಳ ವ್ಯತ್ಯಾಸವಿದೆ. ತಿಂಗಳಿಗೊಮ್ಮೆ ಬರಹ ಸೇರಿಸುವುದನ್ನು ಬಿಟ್ಟು ಬೇರೆ ಬದಲಾವಣೆಯೇ ಇಲ್ಲದ ತಾಣಕ್ಕೆ ಇಷ್ಟೆಲ್ಲ ಏರ್ಪಾಡು ಬೇಡ. ಅಂಥಲ್ಲಿ ನಿಯಮಿತ ಬ್ಯಾಕಪ್ ಸಾಕು.

ಆರಂಭಿಸುವ ಮುನ್ನ ಏನೇನು ಸಿದ್ಧವಿರಬೇಕು?

ಮೊದಲನೆಯದಾಗಿ, ಥೀಮ್, ನಿಮ್ಮದೇ ಪ್ಲಗಿನ್‌ಗಳು ಮತ್ತು ಹೊರಗಿನ ಪ್ಲಗಿನ್‌ಗಳ ಆವೃತ್ತಿಪಟ್ಟಿ ಗಿಟ್‌ನಲ್ಲಿರಬೇಕು. ಡ್ರುಪಾಲ್‌ನಲ್ಲಿ ಕಂಪೋಸರ್ (ಹೊರಗಿನ ಪ್ಯಾಕೇಜ್‌ಗಳ ಆವೃತ್ತಿಗಳನ್ನು ನೋಡಿಕೊಳ್ಳುವ ಸಾಧನ) ಮೂಲಕ ಇದು ಸಹಜವಾಗಿಯೇ ಆಗಿರುತ್ತದೆ. ವರ್ಡ್‌ಪ್ರೆಸ್‌ನಲ್ಲಿಯೂ ಕಂಪೋಸರ್ ಬಳಸಬಹುದು. ಲೈವ್ ತಾಣದ ಡ್ಯಾಶ್‌ಬೋರ್ಡ್‌ನಿಂದ ನೇರವಾಗಿ ಪ್ಲಗಿನ್ ಹಾಕಿಕೊಳ್ಳುವ ಪದ್ಧತಿ ಮುಂದುವರಿದಿದ್ದರೆ ಪ್ರಿವ್ಯೂ ತಾಣವು ಲೈವ್ ತಾಣದ ಪ್ರತಿಯಾಗಿರುವುದೇ ಇಲ್ಲ, ಆದ್ದರಿಂದ ಅದನ್ನು ನೋಡಿ ಕೊಟ್ಟ ಒಪ್ಪಿಗೆಗೂ ಬೆಲೆ ಇರುವುದಿಲ್ಲ.

ಎರಡನೆಯದಾಗಿ, ಡೇಟಾಬೇಸ್ ಹೆಸರು, ಪಾಸ್‌ವರ್ಡ್, ತಾಣದ ವಿಳಾಸ, ಪಾವತಿ ಕೀ ಇವುಗಳಲ್ಲಿ ಯಾವುದೂ ಕೋಡ್‌ನಲ್ಲಿ ಬರೆದಿಟ್ಟದ್ದಾಗಿರಬಾರದು. ಎಲ್ಲವನ್ನೂ ಪರಿಸರ ಚರಾಂಕಗಳಿಂದ (ಕೋಡ್‌ನ ಹೊರಗೆ, ಸರ್ವರ್‌ನಲ್ಲಿ ಇಡುವ ಮೌಲ್ಯಗಳಿಂದ) ಓದುವಂತಿರಬೇಕು. ಮೂರನೆಯದಾಗಿ, ಪಿಎಚ್‌ಪಿ ಮತ್ತು ಡೇಟಾಬೇಸ್ ಆವೃತ್ತಿಗಳು ಲೈವ್ ಮತ್ತು ಪ್ರಿವ್ಯೂ ಎರಡೂ ಕಡೆ ಒಂದೇ ಆಗಿರಬೇಕು. ಮೈಎಸ್‌ಕ್ಯುಎಲ್ 8 ರಿಂದ ತೆಗೆದ ಡಂಪ್ (ಡೇಟಾಬೇಸ್‌ನ ಕಡತರೂಪದ ಪ್ರತಿ) ಅನ್ನು ಹಳೆಯ ಮಾರಿಯಾಡಿಬಿಗೆ ಏರಿಸಲು ಹೋದರೆ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ) ಗೊತ್ತಿಲ್ಲವೆಂಬ ದೋಷದೊಂದಿಗೆ ಅದು ಅಲ್ಲಿಯೇ ನಿಲ್ಲುತ್ತದೆ.

ಪುಲ್ ರಿಕ್ವೆಸ್ಟ್ ತೆರೆದ ಮೇಲೆ ಯಾವ ಕ್ರಮದಲ್ಲಿ ಏನು ನಡೆಯುತ್ತದೆ?

ಗಿಟ್‌ಹಬ್ ಆಕ್ಷನ್ಸ್ ಪುಲ್ ರಿಕ್ವೆಸ್ಟ್‌ನ ಸಂಖ್ಯೆಯನ್ನು ಹಿಡಿದು ಪ್ರಿವ್ಯೂ ಸರ್ವರ್‌ಗೆ ಸಂಪರ್ಕಿಸುತ್ತದೆ. ಆ ಪುಲ್ ರಿಕ್ವೆಸ್ಟ್‌ನ ಬ್ರಾಂಚ್‌ನ (ಗಿಟ್‌ನಲ್ಲಿ ಕೋಡ್‌ನ ಪ್ರತ್ಯೇಕ ಕವಲು) ಕೋಡ್‌ನಿಂದ ಡಾಕರ್ ಇಮೇಜ್ ಸಿದ್ಧವಾಗುತ್ತದೆ, ಸಂಖ್ಯೆಯ ಹೆಸರಿನಲ್ಲೇ ಹೊಸ ಡೇಟಾಬೇಸ್ ತೆರೆಯಲ್ಪಡುತ್ತದೆ, ವೈಯಕ್ತಿಕ ಮಾಹಿತಿ ತೆಗೆದು ಶುದ್ಧೀಕರಿಸಿದ ಡಂಪ್ ಅದಕ್ಕೆ ಏರುತ್ತದೆ, ತಾಣದ ವಿಳಾಸ ಬದಲಾಗುತ್ತದೆ, ಬಳಿಕ ಅಪ್‌ಡೇಟ್ ಆದೇಶಗಳು ನಡೆಯುತ್ತವೆ. ಡ್ರುಪಾಲ್ ಆದರೆ ಅದಕ್ಕೆ ಆದೇಶ ನೀಡುವ ಸಾಧನವಾದ ಡ್ರಶ್‌ನ ‘ಡ್ರಶ್ ಡಿಪ್ಲಾಯ್’ ಎಂಬ ಒಂದೇ ಆದೇಶವು ಡೇಟಾಬೇಸ್ ಅಪ್‌ಡೇಟ್, ಸಂರಚನೆಯ (ಕಾನ್ಫಿಗರೇಶನ್) ಆಮದು, ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಮರುನಿರ್ಮಾಣ ಮತ್ತು ಡಿಪ್ಲಾಯ್ ಹುಕ್‌ಗಳನ್ನು (ಆ ಹಂತದಲ್ಲಿ ಓಡಲೆಂದು ನೀವು ಬರೆದ ಕೋಡ್) ಸರಿಯಾದ ಕ್ರಮದಲ್ಲಿ ಮುಗಿಸುತ್ತದೆ. ಕೊನೆಯಲ್ಲಿ ಪುಲ್ ರಿಕ್ವೆಸ್ಟ್‌ನ ಕೆಳಗೆ ಪ್ರಿವ್ಯೂ ವಿಳಾಸದ ಕಾಮೆಂಟ್ ಬರುತ್ತದೆ.

ಲೈವ್ ತಾಣದಲ್ಲಿ ಬಳಸುವ ಆದೇಶಗಳನ್ನೇ ಇಲ್ಲಿಯೂ ಬಳಸಬೇಕು ಎಂಬುದನ್ನು ಒತ್ತಿ ಹೇಳುತ್ತೇವೆ. ಹಾಗಿದ್ದಾಗ ಮಾತ್ರ ಪ್ರತಿ ಪ್ರಿವ್ಯೂ ಲೈವ್ ಬಿಡುಗಡೆಯ ಒಂದು ತಾಲೀಮಾಗುತ್ತದೆ. ಅಪ್‌ಡೇಟ್ ಹುಕ್ ಮುರಿದಿದ್ದರೆ ಅದು ಇಲ್ಲಿಯೇ ಬಯಲಾಗುತ್ತದೆ.

ಇದಲ್ಲದೆ, ಒಂದೇ ಪುಲ್ ರಿಕ್ವೆಸ್ಟ್‌ಗೆ ಬೆನ್ನುಬೆನ್ನಿಗೆ ಎರಡು ಪುಶ್ ಬಂದರೆ ಎರಡು ನಿರ್ಮಾಣಗಳು ಒಂದೇ ಡೇಟಾಬೇಸ್‌ಗೆ ಒಟ್ಟಿಗೆ ಬರೆಯದಂತೆ, ಕನ್‌ಕರೆನ್ಸಿ ಗುಂಪನ್ನು (ಒಂದು ಹೊತ್ತಿಗೆ ಒಂದೇ ನಿರ್ಮಾಣ ಓಡುವಂತೆ ಮಾಡುವ ಸೆಟ್ಟಿಂಗ್) ಪುಲ್ ರಿಕ್ವೆಸ್ಟ್ ಸಂಖ್ಯೆಗೆ ಕಟ್ಟಿ ಹಳೆಯದನ್ನು ರದ್ದುಪಡಿಸುವಂತೆ ಹೊಂದಿಸಬೇಕು. ಎಲ್ಲ ಪ್ರಿವ್ಯೂಗಳೂ ಒಂದೇ ರೆಡಿಸ್ ಕ್ಯಾಶ್ ಹಂಚಿಕೊಳ್ಳುತ್ತಿದ್ದರೆ ಪ್ರತಿ ಪ್ರಿವ್ಯೂಗೂ ಬೇರೆ ಕೀ ಪೂರ್ವಪದ ಇರಲೇಬೇಕು, ಇಲ್ಲವಾದರೆ ಒಂದು ತಾಣದ ಮೆನು ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ.

ವಿಳಾಸ ಮತ್ತು ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಹೇಗೆ ಹೊಂದಿಸಬೇಕು?

ಪ್ರಿವ್ಯೂಗಳಿಗೆಂದೇ ಒಂದು ಉಪಡೊಮೈನ್ ಇಟ್ಟು ಅದರ ಕೆಳಗೆ ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ಡಿಎನ್‌ಎಸ್ ದಾಖಲೆಯನ್ನು (ಅದರ ಕೆಳಗಿನ ಯಾವುದೇ ಹೆಸರನ್ನೂ ಒಂದೇ ಸರ್ವರ್‌ಗೆ ಕಳುಹಿಸುವ ದಾಖಲೆ) ಒಮ್ಮೆ ಹಾಕಿಬಿಟ್ಟರೆ ಪ್ರತಿ ಪುಲ್ ರಿಕ್ವೆಸ್ಟ್‌ಗೂ ಹೊಸ ದಾಖಲೆ ಸೇರಿಸುವ ಕೆಲಸವಿರುವುದಿಲ್ಲ. ವಿಳಾಸಕ್ಕೆ ಬ್ರಾಂಚ್ ಹೆಸರಿನ ಬದಲು ಪುಲ್ ರಿಕ್ವೆಸ್ಟ್ ಸಂಖ್ಯೆಯನ್ನು ಬಳಸುವುದು ಒಳ್ಳೆಯದು. ಬ್ರಾಂಚ್ ಹೆಸರಿನಲ್ಲಿ ಓರೆಗೆರೆ, ಅಡಿಗೆರೆ, ಕೆಲವೊಮ್ಮೆ ಕನ್ನಡ ಅಕ್ಷರಗಳೂ ಇರುತ್ತವೆ. ಡಿಎನ್‌ಎಸ್ ಹೆಸರಿನ ಒಂದು ಭಾಗ 63 ಅಕ್ಷರಗಳನ್ನು ಮೀರುವಂತೆಯೂ ಇಲ್ಲ.

ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2018 ರ ಮಾರ್ಚ್‌ನಿಂದ ವೈಲ್ಡ್‌ಕಾರ್ಡ್ ಪ್ರಮಾಣಪತ್ರಗಳನ್ನು ಉಚಿತವಾಗಿ ನೀಡುತ್ತಿದೆ. ಅದನ್ನು ಪಡೆಯಲು ಡಿಎನ್‌ಎಸ್ ಮೂಲಕ ಒಡೆತನವನ್ನು ಸಾಬೀತುಪಡಿಸಬೇಕಾದ್ದರಿಂದ ನಿಮ್ಮ ಡಿಎನ್‌ಎಸ್ ಸೇವೆಗೆ ಎಪಿಐ (ಸ್ಕ್ರಿಪ್ಟ್‌ಗಳು ಅದರೊಂದಿಗೆ ನೇರವಾಗಿ ವ್ಯವಹರಿಸುವ ದಾರಿ) ಇರುವುದು ಅಗತ್ಯ. ವೈಲ್ಡ್‌ಕಾರ್ಡ್ ಒಂದೇ ಹಂತವನ್ನು ಒಳಗೊಳ್ಳುತ್ತದೆ ಎಂಬುದನ್ನು ಮರೆತು ಎರಡು ಚುಕ್ಕೆಗಳ ವಿಳಾಸ ರಚಿಸಿದರೆ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ. ಪ್ರತಿ ಪ್ರಿವ್ಯೂಗೂ ಪ್ರತ್ಯೇಕ ಪ್ರಮಾಣಪತ್ರ ಪಡೆಯುವ ವಿಧಾನ ಮೊದಮೊದಲು ಸರಳವೆನಿಸಿದರೂ, ಒಂದು ನೋಂದಾಯಿತ ಡೊಮೈನ್‌ಗೆ 7 ದಿನಗಳಲ್ಲಿ 50 ಹೊಸ ಪ್ರಮಾಣಪತ್ರಗಳ ಮಿತಿ ಇರುವುದರಿಂದ ಕೆಲಸ ಭರದಿಂದ ನಡೆಯುವ ವಾರದಲ್ಲಿಯೇ ಅದು ಕೈಕೊಡಬಹುದು. ಡ್ರುಪಾಲ್‌ನಲ್ಲಿ ವಿಶ್ವಾಸಾರ್ಹ ಹೋಸ್ಟ್‌ಗಳ ಮಾದರಿಪಟ್ಟಿಗೆ ಪ್ರಿವ್ಯೂ ಡೊಮೈನ್ ಅನ್ನು ಸೇರಿಸುವುದನ್ನೂ ಮರೆಯಬಾರದು.

ಲೈವ್ ತಾಣದ ಡೇಟಾಬೇಸ್ ಅನ್ನೇ ಪ್ರಿವ್ಯೂಗೆ ಬಳಸಬಹುದೇ?

ಇದ್ದದ್ದು ಇದ್ದ ಹಾಗೆ ಬಳಸಬಾರದು. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವಷ್ಟು ಸಮಯವಿದ್ದರೆ ಇದನ್ನೇ ಓದಬೇಕೆಂದು ಕೋರುತ್ತೇವೆ.

ಹೋಂಸ್ಟೇ ತಾಣವೊಂದರ ಡೇಟಾಬೇಸ್‌ನಲ್ಲಿ ಅತಿಥಿಗಳ ಹೆಸರು, ಫೋನ್ ಸಂಖ್ಯೆ, ಅವರು ಯಾವ ದಿನದಿಂದ ಯಾವ ದಿನದವರೆಗೆ ಮನೆಯಲ್ಲಿರುವುದಿಲ್ಲ ಎಂಬ ಮಾಹಿತಿ, ಎಷ್ಟೋ ಕಡೆ ಗುರುತಿನ ಚೀಟಿಯ ಪ್ರತಿಯೂ ಇರುತ್ತದೆ. ವಿದೇಶಿ ಅತಿಥಿಗಳು ಬರುವ ಕಡೆ ಪಾಸ್‌ಪೋರ್ಟ್‌ನ ಪುಟಗಳನ್ನು ಫಾರ್ಮ್ ಮೂಲಕ ಅಪ್‌ಲೋಡ್ ಮಾಡಿಸಿಕೊಳ್ಳುವುದುಂಟು. ಕಾಫಿ ಮಾರುವ ತಾಣದಲ್ಲಿ ಗ್ರಾಹಕರ ಮನೆ ವಿಳಾಸಗಳಿರುತ್ತವೆ. ಪ್ರಿವ್ಯೂ ತಾಣವೆಂದರೆ ಇನ್ನೂ ಪರಿಶೀಲನೆಯಾಗದ ಕೋಡ್ ಓಡುವ ಜಾಗ; ಅಲ್ಲಿ ದೋಷ ಸಂದೇಶಗಳು ತೆರೆದಿರುತ್ತವೆ, ವಿಳಾಸ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟುತ್ತದೆ. ಅಂಥ ಜಾಗದಲ್ಲಿ ಈ ಮಾಹಿತಿಯನ್ನು ಇಡುವುದು ನಮ್ಮನ್ನು ನಂಬಿ ಬಂದ ಅತಿಥಿಗೆ ಮಾಡುವ ಅನ್ಯಾಯ. 2023 ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವೈಯಕ್ತಿಕ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗಿದೆಯೋ ಆ ಉದ್ದೇಶಕ್ಕೆ ಬಳಸಬೇಕೆಂಬ ಮತ್ತು ಸೂಕ್ತ ಭದ್ರತೆಯಲ್ಲಿ ಇಡಬೇಕೆಂಬ ತತ್ವದ ಮೇಲೆ ನಿಂತಿದೆ.

ಆದ್ದರಿಂದ ಶುದ್ಧೀಕರಣ ನಡೆಯಬೇಕಾದ್ದು ಪ್ರಿವ್ಯೂ ಸರ್ವರ್‌ನಲ್ಲಿ ಅಲ್ಲ, ಅದಕ್ಕೂ ಮುನ್ನ. ಲೈವ್ ಡೇಟಾಬೇಸ್‌ನ ಪ್ರತಿಯನ್ನು ಹೊರಗಿನಿಂದ ತಲುಪಲಾಗದ ಒಂದು ಕಡೆ ಏರಿಸಿ, ಅಲ್ಲಿ ಶುದ್ಧೀಕರಿಸಿ, ಶುದ್ಧವಾದ ಡಂಪ್ ಅನ್ನಷ್ಟೇ ಪ್ರಿವ್ಯೂ ಸರ್ವರ್‌ಗೆ ಒದಗಿಸಬೇಕು. ಪ್ರಿವ್ಯೂ ಸರ್ವರ್‌ಗೆ ಲೈವ್ ಡೇಟಾಬೇಸ್‌ನ ಪಾಸ್‌ವರ್ಡ್ ಗೊತ್ತೇ ಇರಬಾರದು.

ಡ್ರುಪಾಲ್‌ನಲ್ಲಿ ಡ್ರಶ್‌ನ ‘ಎಸ್‌ಕ್ಯುಎಲ್ ಸ್ಯಾನಿಟೈಸ್’ ಆದೇಶವು ಬಳಕೆದಾರರ ಇಮೇಲ್, ಪಾಸ್‌ವರ್ಡ್, ಸೆಷನ್ ಮುಂತಾದವನ್ನು ನೋಡಿಕೊಳ್ಳುತ್ತದೆ. ವೆಬ್‌ಫಾರ್ಮ್ ಸಲ್ಲಿಕೆಗಳು, ನಿಮ್ಮದೇ ಮಾಡ್ಯೂಲ್‌ನ ಟೇಬಲ್‌ಗಳು ಮತ್ತು ಲಾಗ್‌ಗಳಿಗೆ ನೀವೇ ಹುಕ್ ಬರೆಯಬೇಕು. ವರ್ಡ್‌ಪ್ರೆಸ್‌ನ ಮೂಲದಲ್ಲಿ ಇಂಥ ಸಿದ್ಧ ಆದೇಶ ಇಲ್ಲದಿರುವುದರಿಂದ ಎಸ್‌ಕ್ಯುಎಲ್ ಸ್ಕ್ರಿಪ್ಟ್ ಬರೆದುಕೊಳ್ಳಬೇಕು. ವೂಕಾಮರ್ಸ್ (ವರ್ಡ್‌ಪ್ರೆಸ್‌ನ ಮಾರಾಟ ಪ್ಲಗಿನ್) ಇರುವವರು ವಿಶೇಷವಾಗಿ ಗಮನಿಸಬೇಕಾದ್ದು: ಆವೃತ್ತಿ 8.2 ರಿಂದ ಹೊಸ ತಾಣಗಳಲ್ಲಿ ಆರ್ಡರ್‌ಗಳು ಪೋಸ್ಟ್‌ಮೆಟಾ ಟೇಬಲ್ ಬದಲು ಪ್ರತ್ಯೇಕ ಆರ್ಡರ್ ಮತ್ತು ವಿಳಾಸ ಟೇಬಲ್‌ಗಳಲ್ಲಿ ಉಳಿಯುತ್ತವೆ. ಪೋಸ್ಟ್‌ಮೆಟಾವನ್ನು ಮಾತ್ರ ಅಳಿಸುವ ಹಳೆಯ ಸ್ಕ್ರಿಪ್ಟ್ ಅಂಥ ತಾಣದಲ್ಲಿ ಯಾವ ದೋಷವನ್ನೂ ತೋರಿಸದೆ ಮುಗಿಯುತ್ತದೆ, ಗ್ರಾಹಕರ ವಿಳಾಸಗಳು ಮಾತ್ರ ಹಾಗೆಯೇ ಉಳಿದಿರುತ್ತವೆ. ಇದನ್ನು ತಪ್ಪಿಸಲು ಸ್ಕ್ರಿಪ್ಟ್‌ನ ಕೊನೆಗೆ ಒಂದು ತಪಾಸಣೆ ಇರಲಿ: ಇಡೀ ಡಂಪ್‌ನಲ್ಲಿ ಹತ್ತಂಕಿಯ ಮೊಬೈಲ್ ಸಂಖ್ಯೆಗಳನ್ನೂ, ನಿಮ್ಮ ಸಿಬ್ಬಂದಿಯದ್ದಲ್ಲದ ಇಮೇಲ್‌ಗಳನ್ನೂ ಹುಡುಕಿ, ಒಂದಾದರೂ ಸಿಕ್ಕಿದರೆ ಡಂಪ್ ಹೊರಬರದಂತೆ ತಡೆಯಬೇಕು.

ಆರ್ಡರ್‌ಗಳು ಮತ್ತು ಬುಕಿಂಗ್‌ಗಳನ್ನು ಮರೆಮಾಚುವುದಕ್ಕಿಂತ ಪೂರ್ತಿ ಅಳಿಸಿ, ಕಲ್ಪಿತ ಅತಿಥಿಗಳ ಹತ್ತಾರು ಬುಕಿಂಗ್‌ಗಳನ್ನು ತುಂಬುವುದೇ ಮೇಲು ಎಂಬುದು ನಮ್ಮ ದೃಢ ಅಭಿಪ್ರಾಯ. ಆ ಕಲ್ಪಿತ ಮಾಹಿತಿಯಲ್ಲಿ ಉದ್ದ ಹೆಸರು, ಮನೆತನದ ಹೆಸರು ಮೊದಲು ಬರುವ ಕೊಡವ ಹೆಸರು, ಇನಿಷಿಯಲ್ ಮಾತ್ರ ಇರುವ ಹೆಸರು, ಕನ್ನಡದಲ್ಲಿ ಬರೆದ ವಿಳಾಸ ಎಲ್ಲವೂ ಇದ್ದರೆ ಫಾರ್ಮ್‌ನ ಪರೀಕ್ಷೆಯೂ ಚೆನ್ನಾಗಿ ಆಗುತ್ತದೆ.

ಡಂಪ್ ಫೈಲ್‌ನಲ್ಲಿ ಹಳೆಯ ಡೊಮೈನ್ ಹುಡುಕಿ ಹೊಸದನ್ನು ಹಾಕಿದೆವು, ವಿಜೆಟ್‌ಗಳು ಮಾಯವಾದವು. ಏಕೆ?

ವರ್ಡ್‌ಪ್ರೆಸ್ ಅನೇಕ ಸೆಟ್ಟಿಂಗ್‌ಗಳನ್ನು ಪಿಎಚ್‌ಪಿಯ ಸೀರಿಯಲೈಸ್ ಮಾಡಿದ (ಹಲವು ಮೌಲ್ಯಗಳನ್ನು ಒಂದೇ ಪಠ್ಯವಾಗಿ ಜೋಡಿಸಿದ) ರೂಪದಲ್ಲಿ ಉಳಿಸುತ್ತದೆ. ಅದರಲ್ಲಿ ಪ್ರತಿ ಪಠ್ಯದ ಮುಂದೆ ಅದರ ಉದ್ದ ಬೈಟ್‌ಗಳಲ್ಲಿ ಬರೆದಿರುತ್ತದೆ. ಉದಾಹರಣೆಗೆ ‘ಮಡಿಕೇರಿ’ ಎಂಬ ಪದ ಓದುವವರಿಗೆ ನಾಲ್ಕಕ್ಷರವಾಗಿ ಕಂಡರೂ ಯೂನಿಕೋಡ್‌ನಲ್ಲಿ ಅದು 7 ಸಂಕೇತಗಳು, ಯುಟಿಎಫ್-8 ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಆದ್ದರಿಂದ ಒಟ್ಟು 21 ಬೈಟ್. ಡೇಟಾಬೇಸ್‌ನಲ್ಲಿ ಅದರ ಮುಂದೆ 21 ಎಂದೇ ಇರುತ್ತದೆ. ಪಠ್ಯ ಸಂಪಾದಕದಲ್ಲಿ ಡೊಮೈನ್ ಬದಲಿಸಿದಾಗ ಪಠ್ಯದ ಉದ್ದ ಬದಲಾಗುತ್ತದೆ, ಮುಂದಿರುವ ಸಂಖ್ಯೆ ಬದಲಾಗುವುದಿಲ್ಲ. ಎರಡಕ್ಕೂ ತಾಳೆಯಾಗದಿದ್ದರೆ ಪಿಎಚ್‌ಪಿ ಆ ಸೆಟ್ಟಿಂಗ್ ಅನ್ನು ಇಡಿಯಾಗಿ ತಿರಸ್ಕರಿಸುತ್ತದೆ.

ವರ್ಡ್‌ಪ್ರೆಸ್‌ಗೆ ಆದೇಶ ನೀಡುವ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ‘ಸರ್ಚ್-ರಿಪ್ಲೇಸ್’ ಆದೇಶ ಸೀರಿಯಲೈಸ್ ಮಾಡಿದ್ದನ್ನು ಬಿಡಿಸಿ, ಬದಲಿಸಿ, ಉದ್ದವನ್ನು ಮತ್ತೆ ಲೆಕ್ಕಹಾಕಿ ಬರೆಯುತ್ತದೆ. ಅದನ್ನು ಬಳಸುವಾಗ ಜಿಯುಐಡಿ (ಪ್ರತಿ ಬರಹದ ಬದಲಾಗದ ಗುರುತು) ಕಾಲಂ ಅನ್ನು ಬಿಟ್ಟುಬಿಡುವಂತೆ ಸೂಚಿಸಿ. ಡ್ರುಪಾಲ್‌ನಲ್ಲಿ ವಿಳಾಸವು ಸಾಮಾನ್ಯವಾಗಿ ಡೇಟಾಬೇಸ್‌ನಲ್ಲಿ ಹೀಗೆ ಹರಡಿರುವುದಿಲ್ಲವಾದ್ದರಿಂದ ಈ ಹಂತದ ಅಗತ್ಯ ಕಡಿಮೆ.

ಪ್ರಿವ್ಯೂನಲ್ಲಿ ಕನ್ನಡ ಅಕ್ಷರಗಳು ಕೆಟ್ಟು ಕಾಣುತ್ತಿವೆ. ಏನು ಮಾಡಬೇಕು?

ಮೂರು ಬೇರೆ ಬೇರೆ ತೊಂದರೆಗಳನ್ನು ಜನ ಹೀಗೆಯೇ ವರ್ಣಿಸುತ್ತಾರೆ. ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಟೊಪ್ಪಿಗೆ ಹೊತ್ತ ರೋಮನ್ ಅಕ್ಷರಗಳು ಕಂಡರೆ ಡಂಪ್ ತೆಗೆಯುವಾಗಲೋ ಏರಿಸುವಾಗಲೋ ಸಂಪರ್ಕದ ಅಕ್ಷರಸಮೂಹ ತಪ್ಪಾಗಿದೆ ಎಂದರ್ಥ. ಎರಡೂ ಕಡೆ ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ನಮೂದಿಸಬೇಕು. ಮೈಎಸ್‌ಕ್ಯುಎಲ್‌ನ ಹಳೆಯ 3 ಬೈಟ್‌ಗಳ ಯುಟಿಎಫ್8 ಕನ್ನಡಕ್ಕೆ ಸಾಲುತ್ತದೆ, ಎಮೋಜಿಗೆ ಸಾಲದು, ಹಾಗಾಗಿ ಬರಹವೆಲ್ಲ ಸರಿಯಿದ್ದು ಎಮೋಜಿ ಇರುವ ಪ್ರವಾಸಿಗರ ಅಭಿಪ್ರಾಯಗಳು ಮಾತ್ರ ಕೆಟ್ಟಿರುವುದೂ ಉಂಟು.

ತಾಣ ಸರಿಯಾಗಿದ್ದು, ಸ್ವಯಂಚಾಲಿತವಾಗಿ ತೆಗೆದ ಸ್ಕ್ರೀನ್‌ಶಾಟ್‌ಗಳಲ್ಲಿ ಮಾತ್ರ ಖಾಲಿ ಚೌಕಗಳು ಕಂಡರೆ ಡಾಕರ್ ಇಮೇಜ್‌ನಲ್ಲಿ ಕನ್ನಡ ಫಾಂಟ್ ಇಲ್ಲವೆಂದು ತಿಳಿಯಿರಿ. ನೋಟೊ ಸಾನ್ಸ್ ಕನ್ನಡ, ಗುಬ್ಬಿ ಅಥವಾ ನವಿಲು ಫಾಂಟ್ ಅನ್ನು ಇಮೇಜ್‌ಗೆ ಸೇರಿಸಿದರೆ ಸರಿಹೋಗುತ್ತದೆ.

ಮೂರನೆಯದು ಪುಟದ ವಿಳಾಸ ತುಂಡಾಗುವುದು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ವಿಳಾಸ ರಚಿಸುವಾಗ ಸಂಕೇತೀಕರಿಸಿದ ರೂಪಕ್ಕೆ 200 ಅಕ್ಷರಗಳ ಮಿತಿ ಇದೆ, ಒಂದೊಂದು ಕನ್ನಡ ಸಂಕೇತವೂ ಅದರಲ್ಲಿ 9 ಅಕ್ಷರಗಳನ್ನು ತಿನ್ನುತ್ತದೆ. ‘ಕಾವೇರಿ ತೀರ್ಥೋದ್ಭವದ ಸಮಯ ಪ್ರಕಟ’ ಎಂಬ ಶೀರ್ಷಿಕೆಯಲ್ಲಿ ‘ಸಮಯ’ದವರೆಗೆ 182 ಆಗುತ್ತದೆ, ‘ಪ್ರಕಟ’ ಪೂರ್ತಿ ಹಿಡಿಸದೆ ವಿಳಾಸವು ಬರಿಯ ‘ಪ’ ಅಕ್ಷರಕ್ಕೆ ನಿಲ್ಲುತ್ತದೆ. ಇದು ಪ್ರಿವ್ಯೂನ ದೋಷವಲ್ಲ, ಲೈವ್‌ನಲ್ಲೂ ಹೀಗೆಯೇ ಆಗುತ್ತದೆ. ಮುಖ್ಯ ಪುಟಗಳಿಗೆ ಚಿಕ್ಕ ವಿಳಾಸವನ್ನು ಕೈಯಿಂದಲೇ ಕೊಡುವುದು ಇದಕ್ಕಿರುವ ಪರಿಹಾರ.

ಸಾವಿರಾರು ಫೋಟೋಗಳನ್ನು ಪ್ರತಿ ಪ್ರಿವ್ಯೂಗೂ ನಕಲು ಮಾಡಬೇಕೇ?

ಬೇಡ. ಡ್ರುಪಾಲ್‌ನ ಸ್ಟೇಜ್ ಫೈಲ್ ಪ್ರಾಕ್ಸಿ ಮಾಡ್ಯೂಲ್ ಪುಟಕ್ಕೆ ಬೇಕಾದ ಚಿತ್ರವನ್ನು ಬೇಕಾದಾಗ ಮಾತ್ರ ಲೈವ್ ತಾಣದಿಂದ ತರುತ್ತದೆ. ವರ್ಡ್‌ಪ್ರೆಸ್‌ಗೆ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ ಒಂದು ನಿಯಮ ಸಾಕು: ಅಪ್‌ಲೋಡ್ಸ್ ಕಡತಕೋಶದಲ್ಲಿ ಚಿತ್ರ ಇಲ್ಲದಿದ್ದರೆ ಲೈವ್ ತಾಣದ ಅದೇ ವಿಳಾಸಕ್ಕೆ ಕಳುಹಿಸು ಎಂದು. ಗುರುತಿನ ಚೀಟಿಗಳಂತಹ ಖಾಸಗಿ ಕಡತಗಳು ಈ ದಾರಿಯಲ್ಲಿ ಹೊರಬರುತ್ತಿವೆಯೇ ಎಂದು ಒಮ್ಮೆ ಪರೀಕ್ಷಿಸಿ. ಬರುತ್ತಿದ್ದರೆ ಅವು ಲೈವ್ ತಾಣದಲ್ಲಿಯೇ ಎಲ್ಲರಿಗೂ ತೆರೆದಿವೆ ಎಂದರ್ಥ, ಅದನ್ನು ಅದೇ ದಿನ ಮುಚ್ಚಬೇಕು.

ಪ್ರಿವ್ಯೂ ತಾಣದಿಂದ ನಿಜವಾದ ಇಮೇಲ್, ಎಸ್‌ಎಂಎಸ್, ಪಾವತಿ ಹೋಗದಂತೆ ತಡೆಯುವುದು ಹೇಗೆ?

ಪ್ಲಗಿನ್‌ನ ಸೆಟ್ಟಿಂಗ್ ಅನ್ನು ನಂಬಿ ಕೂರದೆ ಜಾಲದ ಮಟ್ಟದಲ್ಲಿಯೇ ತಡೆಯಬೇಕು. ಪ್ರಿವ್ಯೂ ಸರ್ವರ್‌ನಲ್ಲಿ ಮೇಲ್‌ಪಿಟ್‌ನಂತಹ ಇಮೇಲ್ ಹಿಡಿದಿಡುವ ತಂತ್ರಾಂಶವನ್ನು ನಡೆಸಿ, ಎಲ್ಲ ಪ್ರಿವ್ಯೂಗಳ ಎಸ್‌ಎಂಟಿಪಿಯನ್ನೂ ಅದರ 1025 ನೇ ಪೋರ್ಟ್‌ಗೆ ತಿರುಗಿಸಿದರೆ ಹೊರಟ ಪ್ರತಿ ಪತ್ರವನ್ನೂ ಬ್ರೌಸರ್‌ನಲ್ಲಿ ನೋಡಬಹುದು, ಅದು ಯಾರಿಗೂ ತಲುಪುವುದಿಲ್ಲ. ಹೊರಹೋಗುವ ಇಮೇಲ್ ಪೋರ್ಟ್‌ಗಳನ್ನು ಫೈರ್‌ವಾಲ್‌ನಲ್ಲಿ ಮುಚ್ಚಿದರೆ ಇನ್ನೂ ನಿಶ್ಚಿಂತೆ. ಎಸ್‌ಎಂಎಸ್ ಸೇವೆ ಮತ್ತು ವಾಟ್ಸ್‌ಆ್ಯಪ್ ಎಪಿಐಗಳ ಕೀಗಳನ್ನು ಪ್ರಿವ್ಯೂಗೆ ಕೊಡಲೇಬಾರದು. ಪಾವತಿ ಸೇವೆಗಳ ಟೆಸ್ಟ್ ಕೀಗಳನ್ನು ಮಾತ್ರ ಬಳಸಬೇಕು. ಆ ಕೀಗಳು ಡೇಟಾಬೇಸ್‌ನಲ್ಲಿದ್ದರೆ ಡಂಪ್ ಶುದ್ಧೀಕರಿಸುವಾಗಲೇ ಲೈವ್ ಕೀಯನ್ನು ಅಳಿಸಬೇಕು.

ವರ್ಡ್‌ಪ್ರೆಸ್ 5.5 ರಿಂದ ತಾಣವು ಯಾವ ಬಗೆಯ ಪರಿಸರದಲ್ಲಿದೆ ಎಂದು ಹೇಳುವ ಸ್ಥಿರಾಂಕವೊಂದು ಲಭ್ಯವಿದೆ. ಅದನ್ನು ಹೊಂದಿಸದಿದ್ದರೆ ವರ್ಡ್‌ಪ್ರೆಸ್ ತಾನು ಲೈವ್ ಎಂದೇ ಭಾವಿಸುತ್ತದೆ. ಪ್ರಿವ್ಯೂಗಳಲ್ಲಿ ಅದಕ್ಕೆ ‘ಸ್ಟೇಜಿಂಗ್’ ಅಥವಾ ‘ಡೆವಲಪ್‌ಮೆಂಟ್’ ಎಂಬ ಮೌಲ್ಯ ಕೊಟ್ಟರೆ, ಅದನ್ನು ಗಮನಿಸುವ ಪ್ಲಗಿನ್‌ಗಳು ತಾವಾಗಿಯೇ ಎಚ್ಚರ ವಹಿಸುತ್ತವೆ.

ಗೂಗಲ್ ಹುಡುಕಾಟದಲ್ಲಿ ಪ್ರಿವ್ಯೂ ಪುಟಗಳು ಬಾರದಂತೆ ಏನು ಮಾಡಬೇಕು?

ಎಲ್ಲ ಪ್ರಿವ್ಯೂಗಳಿಗೂ ಪಾಸ್‌ವರ್ಡ್ ಇರಲಿ, ಜೊತೆಗೆ ಎಕ್ಸ್-ರೋಬೋಟ್ಸ್-ಟ್ಯಾಗ್ ಹೆಡರ್‌ನಲ್ಲಿ ‘ನೋಇಂಡೆಕ್ಸ್’ (ಹುಡುಕಾಟದ ಪಟ್ಟಿಗೆ ಸೇರಿಸಬೇಡ ಎಂಬ ಸೂಚನೆ) ಕಳುಹಿಸಿ. ರೋಬೋಟ್ಸ್ ಕಡತದಲ್ಲಿ ತಡೆ ಹಾಕುವುದು ಇದಕ್ಕೆ ಬದಲಿಯಲ್ಲ. ಪುಟವನ್ನು ತೆರೆಯದಂತೆ ಗೂಗಲ್ ಅನ್ನು ತಡೆದರೆ ಅದು ನೋಇಂಡೆಕ್ಸ್ ಸೂಚನೆಯನ್ನೂ ಓದಲಾರದು, ಬೇರೆಡೆಯ ಕೊಂಡಿಯ ಆಧಾರದಲ್ಲಿ ಬರಿಯ ವಿಳಾಸವನ್ನು ಪಟ್ಟಿಗೆ ಸೇರಿಸಲೂಬಹುದು. ಕಳೆದ ವರ್ಷದ ಕೊಠಡಿ ದರ ಇರುವ ಪ್ರಿವ್ಯೂ ಪುಟ ಹುಡುಕಾಟದಲ್ಲಿ ಸಿಕ್ಕಿ, ಅತಿಥಿ ಅದನ್ನು ಹಿಡಿದು ಬಾಗಿಲಿಗೆ ಬಂದರೆ ಮಾತಿಗೆ ಮಾತು ಬೆಳೆಯುವುದು ಹೋಂಸ್ಟೇಯವರ ಜೊತೆಗೆ.

ಪಾಸ್‌ವರ್ಡ್ ಹಾಕಿದ ಮೇಲೆ ವರ್ಡ್‌ಪ್ರೆಸ್‌ನ ಒಳ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ತನಗೆ ತಾನೇ ಕರೆ ಮಾಡಿಕೊಳ್ಳಲಾಗದೆ ನಿಲ್ಲುತ್ತದೆ. ಪ್ರಿವ್ಯೂನಲ್ಲಿ ಅದು ನಿಂತಿರುವುದೇ ಒಳ್ಳೆಯದು.

ಪ್ರಿವ್ಯೂ ತಾಣದಲ್ಲಿ ತಿದ್ದಿದ್ದು ಲೈವ್‌ಗೆ ಹೋಗುತ್ತದೆಯೇ?

ಬರಹ ಹೋಗುವುದಿಲ್ಲ. ಇದನ್ನು ಸಂಪಾದಕರಿಗೆ ಮೊದಲ ದಿನವೇ ತಿಳಿಸಿ, ಪ್ರತಿ ಪ್ರಿವ್ಯೂನ ಮೇಲ್ಭಾಗದಲ್ಲಿ ಎದ್ದುಕಾಣುವ ಬಣ್ಣದ ಪಟ್ಟಿಯಲ್ಲಿ ‘ಇದು ಪರೀಕ್ಷಾ ಪ್ರತಿ, ಇಲ್ಲಿ ಬರೆದದ್ದು ಉಳಿಯುವುದಿಲ್ಲ’ ಎಂದು ಕನ್ನಡದಲ್ಲಿಯೇ ಹಾಕಬೇಕು. ಕಷ್ಟಪಟ್ಟು ಬರೆದ ವರದಿ ಪ್ರಿವ್ಯೂ ಜೊತೆಗೆ ಅಳಿದುಹೋದರೆ ಆ ಸಂಪಾದಕರು ಮತ್ತೆ ಈ ವ್ಯವಸ್ಥೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಸಂರಚನೆಯ ವಿಷಯದಲ್ಲಿ ಎರಡು ಸಿಎಂಎಸ್‌ಗಳ ದಾರಿ ಬೇರೆ. ಡ್ರುಪಾಲ್‌ನಲ್ಲಿ ಅದನ್ನು ವೈಎಎಂಎಲ್ ಕಡತಗಳಾಗಿ ರಫ್ತು ಮಾಡಿ ಗಿಟ್‌ಗೆ ಸೇರಿಸಿದರೆ ಕೋಡ್‌ನಂತೆಯೇ ಸಾಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಬಹುಪಾಲು ಸಂರಚನೆ ಡೇಟಾಬೇಸ್‌ನಲ್ಲಿಯೇ ಇರುತ್ತದೆ. ಬ್ಲಾಕ್ ಥೀಮ್‌ನ ಸೈಟ್ ಎಡಿಟರ್‌ನಲ್ಲಿ ಮಾಡಿದ ಟೆಂಪ್ಲೇಟ್ ಬದಲಾವಣೆಯೂ ಒಂದು ಪೋಸ್ಟ್ ಆಗಿ ಡೇಟಾಬೇಸ್ ಸೇರುತ್ತದೆ, ಹೀಗಾಗಿ ಪ್ರಿವ್ಯೂನಲ್ಲಿ ಹೊಂದಿಸಿದ ಚಂದದ ಹೆಡರ್ ಥೀಮ್ ಕಡತಕ್ಕೆ ಇಳಿಯದೆ ಹೋದರೆ ಲೈವ್‌ಗೆ ಬರುವುದಿಲ್ಲ. ಎಸಿಎಫ್ (ಹೆಚ್ಚುವರಿ ಫೀಲ್ಡ್‌ಗಳನ್ನು ಸೇರಿಸುವ ಪ್ಲಗಿನ್) ಬಳಸುವವರು ಥೀಮ್ ಒಳಗಿನ ಜೇಸನ್ ಕಡತಗಳಲ್ಲಿ ಫೀಲ್ಡ್‌ಗಳನ್ನು ಉಳಿಸುವ ಸೌಲಭ್ಯವನ್ನು ಬಳಸಿಕೊಳ್ಳಬೇಕು.

ಪ್ರಿವ್ಯೂ ಎಷ್ಟು ದಿನ ಉಳಿಯಬೇಕು? ನಮ್ಮದು ತಾನಾಗಿ ಅಳಿಯುತ್ತಿಲ್ಲವಲ್ಲ?

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಪುಲ್ ರಿಕ್ವೆಸ್ಟ್ ಘಟನೆಯನ್ನು ಸುಮ್ಮನೆ ನಮೂದಿಸಿದರೆ ತೆರೆದಾಗ, ಹೊಸ ಕಮಿಟ್ ಬಂದಾಗ ಮತ್ತು ಮರುತೆರೆದಾಗ ಮಾತ್ರ ಅದು ಓಡುತ್ತದೆ. ಮುಚ್ಚಿದಾಗಲೂ ಓಡಬೇಕೆಂದು ನೀವೇ ಸೇರಿಸಬೇಕು. ಮರ್ಜ್ ಆದರೂ, ಮರ್ಜ್ ಆಗದೆ ಮುಚ್ಚಿದರೂ ಅದೇ ಘಟನೆ ಬರುತ್ತದೆ. ಇಷ್ಟಾದರೂ ಕೆಲವು ಉಳಿದುಬಿಡುತ್ತವೆ, ಏಕೆಂದರೆ ಮರ್ಜ್ ಸಂಘರ್ಷವಿರುವ ಪುಲ್ ರಿಕ್ವೆಸ್ಟ್‌ಗಳಿಗೆ ಈ ವರ್ಕ್‌ಫ್ಲೋ ಓಡುವುದೇ ಇಲ್ಲ. ಆದ್ದರಿಂದ ರಾತ್ರಿಗೊಮ್ಮೆ ತೆರೆದ ಪುಲ್ ರಿಕ್ವೆಸ್ಟ್‌ಗಳ ಪಟ್ಟಿಯನ್ನೂ ಸರ್ವರ್‌ನಲ್ಲಿರುವ ಪ್ರಿವ್ಯೂಗಳ ಪಟ್ಟಿಯನ್ನೂ ಹೋಲಿಸಿ, ಹೆಚ್ಚಿಗೆ ಇರುವುದನ್ನು ಕಂಟೇನರ್, ಡೇಟಾಬೇಸ್, ಕಡತ ಎಲ್ಲದರ ಸಮೇತ ಅಳಿಸುವ ಕೆಲಸ ಇರಬೇಕು. ಆಕ್ಷನ್ಸ್‌ನ ವೇಳಾಪಟ್ಟಿ ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ) ಇರುತ್ತದೆ. ನಮ್ಮ ಬೆಳಗಿನ ಜಾವ 2:00 ಗಂಟೆಗೆ ಓಡಬೇಕಾದರೆ 20:30 ಎಂದು ಬರೆಯಬೇಕು. ಸಾರ್ವಜನಿಕ ರೆಪೊಸಿಟರಿಯಲ್ಲಿ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಭಂಡಾರ) 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಗಿಟ್‌ಹಬ್ ಇಂಥ ವೇಳಾಪಟ್ಟಿಗಳನ್ನು ನಿಲ್ಲಿಸುವುದರಿಂದ, ಈ ಕೆಲಸವನ್ನು ಸರ್ವರ್‌ನ ಕ್ರಾನ್‌ಗೇ ವಹಿಸುವುದು ಲೇಸು.

ಅವಧಿಯ ವಿಷಯದಲ್ಲಿ, ಯಾರೂ ತೆರೆಯದ ಪ್ರಿವ್ಯೂವನ್ನು ಒಂದು ವಾರದ ಬಳಿಕ ನಿಲ್ಲಿಸುವುದು ಸಾಮಾನ್ಯವಾಗಿ ಸರಿ. ಆದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ ಆಮೇಲೆ ರೊಬಸ್ಟಾ ಕೊಯ್ಲು ನಡೆಯುವಾಗ, ತೋಟದ ಮಾಲೀಕರಿಗೆ ಲಿಂಕ್ ತೆರೆಯಲು ಪುರುಸೊತ್ತಾಗುವುದು ತಡವಾಗಿಯೇ. ಆ ತಿಂಗಳುಗಳಲ್ಲಿ ಹದಿನೈದು ದಿನ ಇಡಿ. ನಿಲ್ಲಿಸಿದ್ದನ್ನು ಪುಲ್ ರಿಕ್ವೆಸ್ಟ್‌ನಲ್ಲಿ ಒಂದು ಲೇಬಲ್ ಹಾಕಿ ಮತ್ತೆ ಎಬ್ಬಿಸುವಂತಿದ್ದರೆ ಇನ್ನೂ ಅನುಕೂಲ.

ಮಳೆಗಾಲದಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಹೋದರೆ ನಿರ್ಮಾಣ ಅರ್ಧಕ್ಕೆ ನಿಲ್ಲುವುದಿಲ್ಲವೇ?

ನಿರ್ಮಾಣ ನಡೆಯುವುದು ದೂರದ ಸರ್ವರ್‌ನಲ್ಲಿ. ನಿಮ್ಮ ಕಡೆಯಿಂದ ಗಿಟ್ ಪುಶ್ ಒಂದು ಮುಗಿದರೆ ಸಾಕು, ಅದಕ್ಕೆ ಬೇಕಾಗುವುದು ಕೆಲವು ಕಿಲೋಬೈಟ್‌ಗಳು. ಕಚೇರಿಯ ಕಂಪ್ಯೂಟರ್‌ನಲ್ಲಿಯೇ ಪ್ರಿವ್ಯೂ ನಡೆಸಿ ಟನಲ್ (ಆ ಕಂಪ್ಯೂಟರ್‌ಗೆ ಅಂತರ್ಜಾಲದಿಂದ ತೆರೆಯುವ ದಾರಿ) ಮೂಲಕ ತೋರಿಸುವ ವಿಧಾನವನ್ನು ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಚ್ಚಿಕೊಳ್ಳಬೇಡಿ.

ಪ್ರಿವ್ಯೂಗಳನ್ನು ಲೈವ್ ಸರ್ವರ್‌ನಲ್ಲಿಯೇ ನಡೆಸಬಹುದೇ?

ಬೇಡ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವದ ಸಮಯ ತಿಳಿಯಲು ಜನ ಸುದ್ದಿತಾಣಗಳನ್ನು ಮತ್ತೆ ಮತ್ತೆ ತೆರೆಯುವ ಹೊತ್ತಿಗೆ, ಅದೇ ಸರ್ವರ್‌ನಲ್ಲಿ ಡಾಕರ್ ಇಮೇಜ್ ನಿರ್ಮಾಣ ನಡೆದು ಮೆಮೊರಿ ತುಂಬಿದರೆ ತಾಣವೇ ಬಿದ್ದುಹೋಗಬಹುದು. ಭದ್ರತೆಯ ದೃಷ್ಟಿಯಿಂದಲೂ ಪರಿಶೀಲನೆಯಾಗದ ಕೋಡ್ ಲೈವ್ ಡೇಟಾದ ಪಕ್ಕದಲ್ಲಿರುವುದು ಸಲ್ಲದು. ಒಂದು ಸಾಧಾರಣ ಬಾಡಿಗೆ ಸರ್ವರ್ ಪಡೆದು, ಒಂದೇ ಡೇಟಾಬೇಸ್ ಸರ್ವರ್‌ನ ಕೆಳಗೆ ಪ್ರತಿ ಪ್ರಿವ್ಯೂಗೂ ಬೇರೆ ಡೇಟಾಬೇಸ್ ಮತ್ತು ಬೇರೆ ಬಳಕೆದಾರ ಖಾತೆ ಮಾಡಿ, ಏಕಕಾಲಕ್ಕೆ ಇಷ್ಟೇ ಪ್ರಿವ್ಯೂಗಳೆಂದು ಮಿತಿ ಹಾಕಿದರೆ ಖರ್ಚು ಹತೋಟಿಯಲ್ಲಿರುತ್ತದೆ. ಸರ್ವರ್ ನೋಡಿಕೊಳ್ಳುವ ಹೊರೆ ಬೇಡವೆನ್ನುವವರಿಗೆ ಪ್ಯಾಂಥಿಯನ್‌ನ ಮಲ್ಟಿಡೆವ್, ಟಗ್‌ಬೋಟ್‌ನಂತಹ ಸೇವೆಗಳಿವೆ. ಮುಂಭಾಗವನ್ನು ಸಿಎಂಎಸ್‌ನಿಂದ ಬೇರ್ಪಡಿಸಿದ ತಾಣಗಳಿಗೆ ವರ್ಸೆಲ್ ಮತ್ತು ನೆಟ್ಲಿಫೈ ಪ್ರಿವ್ಯೂವನ್ನು ತಾವೇ ರಚಿಸಿಕೊಡುತ್ತವೆ, ಆದರೆ ಹಿಂಭಾಗದ ಸಿಎಂಎಸ್‌ಗೆ ಪರೀಕ್ಷಾ ಪ್ರತಿಯನ್ನು ನೀವೇ ಒದಗಿಸಬೇಕು.

ಒಪ್ಪಿಗೆ ಕೊಡಬೇಕಾದವರಿಗೆ ಗಿಟ್‌ಹಬ್ ಗೊತ್ತಿಲ್ಲ. ಅವರನ್ನು ಒಳಗೊಳ್ಳುವುದು ಹೇಗೆ?

ಅವರಿಗೆ ಗಿಟ್‌ಹಬ್ ಗೊತ್ತಿರಬೇಕಾಗಿಲ್ಲ. ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಹೋಗಲಿ, ಆದರೆ ಲಿಂಕ್ ಜೊತೆಗೆ ಏನು ನೋಡಬೇಕೆಂಬುದೂ ಹೋಗಲಿ. ‘ನೋಡಿ ಹೇಳಿ ಸರ್’ ಎಂದಷ್ಟೇ ಕಳುಹಿಸಿದರೆ ಬರುವ ಉತ್ತರ ಒಂದು ಹೆಬ್ಬೆರಳಿನ ಚಿತ್ರ. ‘ಸರ್, ಈ ಲಿಂಕ್ ತೆರೆದು ಮೇಲಿನ ಮೆನುವಿನಲ್ಲಿ ಕೊಠಡಿಗಳು ಒತ್ತಿ. ಮಳೆಗಾಲದ ದರ ಸರಿಯಿದೆಯೇ, ತೋಟದ ಕಡೆಯ ಕೊಠಡಿಯ ಫೋಟೋ ಸರಿಯಾದದ್ದೇ, ಇವೆರಡನ್ನು ನೋಡಿ ತಿಳಿಸಿ’ ಎಂದು ಬರೆದರೆ ಕಾಫಿ ಒಣಗುವ ಕಣದ ಅಂಚಿನಲ್ಲಿ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತಿರುವವರೂ ಎರಡು ನಿಮಿಷದಲ್ಲಿ ನೋಡಿ ಸ್ಪಷ್ಟ ಉತ್ತರ ಕೊಡುತ್ತಾರೆ. ಆ ಉತ್ತರವನ್ನು ಪುಲ್ ರಿಕ್ವೆಸ್ಟ್‌ನಲ್ಲಿ ದಿನಾಂಕದೊಂದಿಗೆ ದಾಖಲಿಸಿಡಿ. ಆರು ತಿಂಗಳ ಮೇಲೆ ಈ ದರ ಯಾರು ಹೇಳಿದ್ದು ಎಂಬ ಪ್ರಶ್ನೆ ಬಂದಾಗ ಅದು ನೆರವಾಗುತ್ತದೆ.

ಪುಲ್ ರಿಕ್ವೆಸ್ಟ್‌ಗೆ ಪ್ರಿವ್ಯೂ ವಿಳಾಸ ಬರೆಯುವ ಸ್ಕ್ರಿಪ್ಟ್ ಪ್ರತಿ ಪುಶ್‌ಗೂ ಹೊಸ ಕಾಮೆಂಟ್ ಹಾಕದೆ ಹಳೆಯದನ್ನೇ ತಿದ್ದುವಂತಿರಲಿ, ಇಲ್ಲವಾದರೆ ಇಂಥ ಮಾತುಗಳೆಲ್ಲ ಅದರ ನಡುವೆ ಹೂತುಹೋಗುತ್ತವೆ.

ಕಾಲೇಜು ವಿದ್ಯಾರ್ಥಿಗಳು ಫೋರ್ಕ್ ಮಾಡಿ (ರೆಪೊಸಿಟರಿಯನ್ನು ತಮ್ಮ ಖಾತೆಗೆ ನಕಲಿಸಿಕೊಂಡು) ಕಳುಹಿಸುವ ಬದಲಾವಣೆಗಳಿಗೆ ಪ್ರಿವ್ಯೂ ಏಕೆ ಬರುವುದಿಲ್ಲ?

ಫೋರ್ಕ್‌ನಿಂದ ಬಂದ ಪುಲ್ ರಿಕ್ವೆಸ್ಟ್‌ಗಳಿಗೆ ಗಿಟ್‌ಹಬ್ ರಹಸ್ಯ ಕೀಗಳನ್ನು ಕೊಡುವುದಿಲ್ಲ, ಆದ್ದರಿಂದ ಸರ್ವರ್ ಸಂಪರ್ಕ ಸಾಧ್ಯವಾಗುವುದಿಲ್ಲ. ಅದು ನಿಮ್ಮ ರಕ್ಷಣೆಗಾಗಿ ಇರುವ ತಡೆ. ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂಬ ಘಟನೆಯನ್ನು ಬಳಸಿ ಇದನ್ನು ದಾಟುವ ಸಲಹೆಗಳು ಸಿಗುತ್ತವೆ. ಅಪರಿಚಿತರ ಕೋಡ್ ಅನ್ನು ನಿಮ್ಮ ಕೀಗಳ ಜೊತೆ ಓಡಿಸಿದಂತಾಗುವುದರಿಂದ ಅದನ್ನು ಅನುಸರಿಸಬೇಡಿ. ಕೋಡ್ ಓದಿ ನೋಡಿದ ಮೇಲೆ ನಿಮ್ಮ ರೆಪೊಸಿಟರಿಯಲ್ಲಿಯೇ ಬ್ರಾಂಚ್ ಮಾಡಿ ಪ್ರಿವ್ಯೂ ತೆರೆಯಿರಿ. ವಿದ್ಯಾರ್ಥಿಗಳಿಗೆ ತಾವು ಮಾಡಿದ್ದನ್ನು ತೆರೆದು ನೋಡುವ ಅವಕಾಶ ಸಿಗುವುದು ದೊಡ್ಡ ವಿಷಯ, ಅದಕ್ಕಾಗಿ ಈ ಸ್ವಲ್ಪ ಶ್ರಮ ಪಡಬೇಕು.

ನಮ್ಮ ತಾಣ ಷೇರ್ಡ್ ಹೋಸ್ಟಿಂಗ್‌ನಲ್ಲಿದೆ (ಹಲವು ತಾಣಗಳು ಹಂಚಿಕೊಂಡ ಸರ್ವರ್), ಗಿಟ್ ಕೂಡ ಇಲ್ಲ. ಎಲ್ಲಿಂದ ಆರಂಭಿಸಬೇಕು?

ಲೈವ್ ತಾಣವನ್ನು ಈಗಿರುವ ಕಡೆಯೇ ಬಿಡಿ, ಅದನ್ನು ಮೊದಲು ಸ್ಥಳಾಂತರಿಸುವ ಅಗತ್ಯವಿಲ್ಲ. ಥೀಮ್ ಮತ್ತು ನಿಮ್ಮದೇ ಪ್ಲಗಿನ್‌ಗಳನ್ನು ಇಳಿಸಿಕೊಂಡು ಖಾಸಗಿ ರೆಪೊಸಿಟರಿಗೆ ಹಾಕಿ. ಸಂರಚನಾ ಕಡತ ಮತ್ತು ಅಪ್‌ಲೋಡ್ಸ್ ಕಡತಕೋಶ ಅದರಲ್ಲಿ ಸೇರದಂತೆ ನೋಡಿಕೊಳ್ಳಿ. ಬಳಿಕ ಶುದ್ಧೀಕರಣ ಸ್ಕ್ರಿಪ್ಟ್ ಬರೆದು, ಮೇಲೆ ಹೇಳಿದ ತಪಾಸಣೆಯಲ್ಲಿ ಅದು ತೇರ್ಗಡೆಯಾಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಆಮೇಲೆ ಒಂದು ಸರ್ವರ್‌ನಲ್ಲಿ ಕೈಯಿಂದಲೇ ಆದೇಶಗಳನ್ನು ನೀಡಿ ಒಂದು ಪ್ರಿವ್ಯೂ ನಿಲ್ಲಿಸಿ, ಅದೇ ಆದೇಶಗಳನ್ನು ಒಂದು ಸ್ಕ್ರಿಪ್ಟ್‌ಗೆ ಇಳಿಸಿ, ಅಳಿಸುವ ಸ್ಕ್ರಿಪ್ಟ್ ಅನ್ನೂ ಜೊತೆಗೇ ಬರೆಯಿರಿ. ಎರಡೂ ಸ್ಕ್ರಿಪ್ಟ್‌ಗಳು ನಿಮ್ಮ ಕೈಯಲ್ಲಿ ತಡೆಯಿಲ್ಲದೆ ಓಡಿದ ಮೇಲಷ್ಟೇ ಅವನ್ನು ಆಕ್ಷನ್ಸ್‌ಗೆ ಕಟ್ಟಿ. ಲೈವ್‌ಗೆ ಕೋಡ್ ಕಳುಹಿಸುವುದು ಸದ್ಯಕ್ಕೆ ಎಸ್‌ಎಫ್‌ಟಿಪಿ (ಕಡತಗಳನ್ನು ಸರ್ವರ್‌ಗೆ ಸುರಕ್ಷಿತವಾಗಿ ಕಳುಹಿಸುವ ವಿಧಾನ) ಮೂಲಕವೇ ನಡೆದರೂ ಅಡ್ಡಿಯಿಲ್ಲ, ಆದರೆ ಕಳುಹಿಸುವುದು ಮರ್ಜ್ ಆದ ಬ್ರಾಂಚ್‌ನ ಕಡತಗಳನ್ನೇ ಆಗಿರಬೇಕು, ಮತ್ತು ಡ್ಯಾಶ್‌ಬೋರ್ಡ್‌ನಲ್ಲಿರುವ ಥೀಮ್ ಮತ್ತು ಪ್ಲಗಿನ್ ಕಡತ ಸಂಪಾದಕವನ್ನು ಅಂದಿನಿಂದಲೇ ಮುಚ್ಚಿರಬೇಕು.